ಮೇಸ್ತ್ರಿ ಕೂಗೂ, ಮೂರು ಗೋಲಿ ಡಬ್ಬಿನೂ

ನಗಬ್ಯಾಡ, ಹೊಲಿಗಿ ಜಗ್ಗತಾವು ಅಂತ ಡಾಕ್ಟ್ರು ಹೇಳಿ ಕಳಿಸ್ಯಾರ. ಆದ್ರ ನಗಸೋ ಮಂದಿಗೆಲ್ಲ ನನ್ನ ಮನೀನ ಬೇಕು. ದಿನಾ ಒಂದಿಲ್ಲ ಒಂದು ನಡೀತಾನ ಇರ್ತೈತಿ.

ನಾನು ಗಂಗಾವತ್ಯಾಗ ಅಕ್ಕಿ ಮಿಲ್ಲಿನ ಹಮಾಲರ ಮೇಸ್ತ್ರಿ. ನೆಲ್ಲಿನ ಚೀಲಾನ ಇಬ್ರು ಆ ಕಡಿ ಈ ಕಡಿ ಹಿಡದು, ಒಮ್ಮಿಗೇ ಎತ್ತಿ ಹೊರಾವನ ಬೆನ್ನಿಗೆ ಹಾಕಬೇಕು. ಒಬ್ಬ ಮೊದ್ಲು ಒಬ್ಬ ಆಮ್ಯಾಲ ಎತ್ತಿದ್ರ ಹೊರಾವನ ಕುತ್ತಿಗಿ ಹೋತು. ಅದಕ್ಕ ಮೇಸ್ತ್ರಿ ಕೂಗಬೇಕು. ನನ್ನ ಕೂಗು ರೈಲ್ವೆ ಗೇಟಿನ ತನಕ ಕೇಳತಿತ್ತು. ಸುಳ್ಳಂದ್ರ ಯಾರನ್ನರ ಕೇಳ್ರಿ.

ಹಾರ್ಟ್ ಆಪರೇಶನ್ ಅಂತ ಎದಿ ಸೀಳಿದ ಮ್ಯಾಲ ಆ ಕೂಗು ಕೋಳಿಮರಿ ಕೂಗಿದಂಗ ಆತು. ಸಾವ್ಕಾರ ನನ್ನ ಜಾಗಾಕ್ಕ ಬ್ಯಾರೆ ಒಬ್ಬನ್ನ ನಿಲ್ಸಿದ. ಅವ ಸೀಟಿ ಊದತಾನಂತ. ಚೀಲಾ ಎತ್ಸಾಕ ಸೀಟಿ ಊದಾಕ ಅವನೇನು ಬಸ್ ಕಂಡಕ್ಟರೇನು? ನನ್ನ ಕೂಗು ತಿರಗಿ ಬರಬೇಕು, ನನ್ನ ಜಾಗಾ ನನಗ ಸಿಗಬೇಕು. ಅದೊಂದ ಹಟದ ಮ್ಯಾಲ ಹಾಸಗಿ ಬಿಟ್ಟು ಎದ್ದೆ.

೧. ಧೈರ್ಯ ಹೇಳಾವ

ಮಾತಾಡ್ಸಾಕ ಬಂದ ಮಂದಿಗೆ ಎದಿ ಮ್ಯಾಗಿನ ಹೊಲಿಗಿ ತೋರಸಬೇಕು, ಇಲ್ಲಂದ್ರ ಚಾ ಕುಡಿಯಂಗಿಲ್ಲ. ನಾನೂ ಅಂಗಿ ಗುಂಡಿ ಬಿಚ್ಚಿ ತೋರ್ಸತಿದ್ದೆ. "ಕಾಲಾಗಿನ ನರ ತಗದು ಇಲ್ಲಿ ಹಚ್ಯಾರ. ಇಂಥ ಗಟ್ಟಿ ಎಲುಬು ಕೊಯ್ದು ಗರಗಸ ಮೊಂಡಾತಂತ" ಅಂತಿದ್ದೆ. ಗರಗಸದ ಮಾತು ಯಾರೂ ಹೇಳಿಲ್ಲ, ಆದ್ರ ಮೊಂಡ ಆಗಿರತೈತಿ.

ನವಲಿಯಿಂದ ನಮ್ಮ ತಂಗಿ ಗಂಡ ಬಂದ. ನನಗ ತಂದ ದ್ರಾಕ್ಷಿ ತಾನ ತಿನ್ಕೋತ ಅಂದ, "ಭಾವ, ಏನೂ ಅಂಜಬ್ಯಾಡ. ನಮ್ಮೂರಾಗ ಒಬ್ಬಾತಗ ಇದಾ ಆಪರೇಶನ್ ಆಗಿತ್ತು. ಭಾಳ ಛಲೋ ಮನಿಷಾ."

"ಈಗ ಹೆಂಗದಾನ?"

"ಹೋದ."

ನಮ್ಮಾಕಿ ಒಳಗಿನಿಂದ ಸೌಟು ಹಿಡ್ಕಂಡ ಬಂದ್ಲು. ನಾ ಕೇಳಿದೆ, "ಧೈರ್ಯ ಹೇಳಾಕ ಬಂದೀಯೋ, ನನ್ನ ಕಳಸಾಕ ಬಂದೀಯೋ?"

"ಧೈರ್ಯಾನ ಹೇಳಾಕತ್ತೀನಿ, ಭಾವ. ಎದಿ ಅವಗ ಏನೂ ಮಾಡ್ಲಿಲ್ಲ. ಹೊಳ್ಯಾಗ ಬಿದ್ದು ಹೋದ."

೨. ದಿಂಬು

ಕೆಮ್ಮು ಬಂದಾಗ ಎದಿಗೆ ದಿಂಬು ಅವಚಿ ಹಿಡೀಬೇಕಂತ ನರ್ಸಮ್ಮ ಹೇಳಿದ್ಲು. ಮುಂಜಾನಿ ಅಡ್ಡಾಡಾಕ ಹೋಗಾಗೂ ನಮ್ಮಾಕಿ ಬಗಲಾಗ ದಿಂಬು ತುರಕಿ ಕಳಸತಿದ್ಲು, ಹೂವಿನ ಗವಸಿಂದು. ಕ್ವಿಂಟಲ್ ಚೀಲಾ ಹೊತ್ತ ಮನಿಷಾ ನಾನು, ಹತ್ತಿ ದಿಂಬು ಹೊತ್ಕಂಡು ಓಣಿ ದಾಟಬೇಕು.

ಚಾದಂಗಡಿ ಚಾಚಾ ನನ್ನ ಹಳೀ ದೋಸ್ತ. ದೂರದಿಂದನ ನೋಡಿ, ಬೆಂಚು ಒರಸಿ ಜಾಗಾ ಮಾಡಿದ. ಸಣ್ಣ ದನ್ಯಾಗ ಕೇಳಿದ, "ಮನ್ಯಾಗ ಜಗಳಾತೇನು, ಮೇಸ್ತ್ರಿ?"

"ಇಲ್ಲೋ ಮಾರಾಯ, ಇದು ಡಾಕ್ಟ್ರು ಹೇಳಿದ್ದು."

"ಮುಚ್ಚಿಡಬ್ಯಾಡ. ನೀನು ನಸೀಬ್‌ದಾರ ಅದೀ. ನಮ್ಮಾಕಿ ಹೊರಗ ಹಾಕಿದಾಗ ದಿಂಬು ಕೊಡಂಗಿಲ್ಲ."

೩. ದಮ್ಮು

ದವಾಖಾನ್ಯಾಗ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಾರ. ಒಳಗ ಮೂರು ಗೋಲಿ, ಬಾಯಿಗೊಂದು ನಳಿಗಿ. ಉಸಿರು ಒಳಗ ಎಳದ್ರ ಗೋಲಿ ಮ್ಯಾಲೇಳಬೇಕು. ಮೂರೂ ಎದ್ರ ದಮ್ಮು ಬಂತು ಅಂತ ಲೆಕ್ಕ, ದಮ್ಮು ಬಂದ್ರ ಕೂಗು ಬಂದಂಗ. ನನ್ನವು ಒಂದು ಎದ್ದು, ಎರಡ್ನೇದು ಅಳಗ್ಯಾಡಿ, ಮೂರ್ನೇದು ಮಕ್ಕಂಡ ಬಿಡತಿತ್ತು.

"ಡಬ್ಬೀನ ಕೆಟ್ಟೈತಿ" ಅಂತ ಬಿಸಾಕಿದೆ. "ಇದರಾಗಿನ ಮೂರ್ನೇ ಗೋಲಿ ಭೂಮಿ ಮ್ಯಾಗ ಯಾರೂ ಎಬ್ಸಂಗಿಲ್ಲ."

ನಮ್ಮಾಕಿ ಡಬ್ಬಿ ತಗಂಡ್ಲು. ನಳಿಗಿ ಬಿಸಿನೀರಾಗ ತೊಳದು, ಸೆರಗಿಲೆ ಒರಸಿ, ಒಮ್ಮಿ ಎಳದ್ಲು. ಮೂರೂ ಗೋಲಿ ಟಕ್ಕನ ಮ್ಯಾಲ ಹೋಗಿ ಅಲ್ಲೇ ನಿಂತುವು. ಇಳೀವಲ್ಲವು. ನಾ ಅಂಜಿ, "ಬಿಡು, ಸಾಕು" ಅಂದೆ.

ಆಕಿ ಆರಾಮ ಡಬ್ಬಿ ಕೆಳಗಿಟ್ಲು. "ಇಷ್ಟು ವರ್ಷ ನಿಮ್ಮ ಮ್ಯಾಲ ಒದರಿದ್ದು ದಂಡ ಆಗಿಲ್ಲ ನೋಡ್ರಿ" ಅಂದ್ಲು.

ಅವತ್ತಿಂದ ಡಬ್ಬಿ ಬಿಡಲಿಲ್ಲ ನಾನು. ಹೆಂಗಸಿನ ಕೂಡ ಸೋಲೋದಂದ್ರ ಹೆಂಗ?

೪. ಕೂಗು

ಮೂರ್ನೇ ಗೋಲಿ ಎದ್ದ ದಿನ, ಗುಡಿಗೆ ಹೋಗ್ತೀನಂತ ಹೇಳಿ ಸೀದಾ ಮಿಲ್ಲಿಗೆ ಹೋದೆ. ದಿಂಬು ಬೇಕಂತಲೇ ಮನ್ಯಾಗ ಬಿಟ್ಟೆ. ಹುಡುಗ್ರ ಮುಂದ ಮರ್ಯಾದಿ ಬೇಕಲ್ಲ.

ಲಾರಿ ತುಂಬಾಕತ್ತಿತ್ತು. ಸಾವ್ಕಾರ ಗೇಟಿನ್ಯಾಗ ನಿಂತಿದ್ದ. ನಾ ಸೀಟಿಯವಗ ಅಂದೆ, "ತಮ್ಮಾ, ಅದನ್ನ ಕಿಸೇದಾಗ ಇಡು. ಇವತ್ತು ಕೂಗು ಕೇಳು."

ಹಮಾಲರು ಚೀಲಕ್ಕ ಕೈ ಹಚ್ಚಿ ಬಗ್ಗಿ ನಿಂತ್ರು. ಎದಿ ತುಂಬ ದಮ್ಮು ಎಳದು ಕೂಗಿದೆ, "ಏಳ್ಸಲೇ!"

ಬಂತು ಕೂಗು. ನನ್ನ ಹತ್ರ ನಿಂತ ಇಬ್ರು ಎತ್ತಿದ್ರು. ಉಳಿದವ್ರು ಬಗ್ಗಿದಂಗನ ನಿಂತಿದ್ರು, ಅವ್ರಿಗೆ ಕೇಳಿಲ್ಲ. ಮತ್ತೊಮ್ಮಿ ಕೂಗಬೇಕನ್ನದ್ರಾಗ ಕೆಮ್ಮು ಹತ್ತಿತು. ಎದಿಗೆ ಅವಚಾಕ ಏನೂ ಇಲ್ಲ. ಸಾವ್ಕಾರ ಮಾರಿ ಆ ಕಡಿ ತಿರಗಿಸಿದ. ಆತು, ಇನ್ನ ಸೀಟೀನ ಗತಿ ಅಂತ ನಾನೂ ತಲಿ ಕೆಳಗ ಹಾಕಿದೆ.

ಆವಾಗ ಗೇಟಿನ ಹೊರಗಿಂದ ಬಂತು ನೋಡ್ರಿ:

"ಮಾತ್ರಿ ತಗಂಡೀರೇನ್ರೀ...?"

ಬಗಲಾಗ ದಿಂಬು, ಕೈಯಾಗ ಮಾತ್ರಿ ಪಾಕೀಟು ಹಿಡ್ಕಂಡು, ಗುಡ್ಯಾಗ ನನ್ನ ಕಾಣದ ಹುಡಿಕ್ಕೋತ ಬಂದ ನಮ್ಮಾಕಿ ನಿಂತಿದ್ಲು. ಆ ದನಿಗೆ ಅಷ್ಟೂ ಚೀಲ ಒಮ್ಮಿಗೇ ಎದ್ದು ಬೆನ್ನ ಮ್ಯಾಲ ಕುಂತುವು. ಒಬ್ಬನ ಕುತ್ತಿಗೀನೂ ಅಳಗಲಿಲ್ಲ.

ನನಗ ನಗಿ ತಡೀಲಿಲ್ಲ. ಓಡಿ ಹೋಗಿ ದಿಂಬು ಇಸ್ಕಂಡು ಎದಿಗೆ ಅವಚಿ ನಕ್ಕೆ.

ಸಾವ್ಕಾರ ಹತ್ರ ಬಂದು ಅಂದ, "ಮೇಸ್ತ್ರಿ, ನಾಳಿಂದ ನಿಮ್ಮ ಜಾಗಾಕ್ಕ ಬಂದ ಬಿಡ್ರಿ."

ನಾ ಎದಿ ಉಬ್ಬಿಸಿ ನಮ್ಮಾಕಿ ಕಡಿ ನೋಡಿದೆ.

"ಬರಾಗ ಈ ಅವ್ವಾರನ್ನೂ ಕರಕಂಡ ಬರ್ರಿ" ಅಂದ.