ಎಡಕ್ಕೆ ತಿರುಗಿದರೆ ಟಕ್ ಟಕ್

"ಈಸ್ಟರ್ ಹಬ್ಬದೊಳಗೆ ಆ ಶಬ್ದದ ಜುಟ್ಟು ಹಿಡಿದು ಎಳ್ಕೊಂಡು ಬಂದು ನಿನ್ನ ಮುಂದೆ ನಿಲ್ಲಿಸ್ಲಿಲ್ಲ ಅಂದ್ರೆ ನನ್ನ ಹೆಸರು ಜಹಾರಿನೇ ಅಲ್ಲ!"

ಗಾಬ್ರೊವೊ ಊರಿನ ಆ ಪುಟ್ಟ ಅಡುಗೆಮನೆಯಲ್ಲಿ ಜಹಾರಿ ಹೀಗೆ ಗುಡುಗಿದಾಗ ಹೆಂಡತಿ ಪೆಂಕಾ ಈರುಳ್ಳಿ ಹೆಚ್ಚುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ನಿಲ್ಲಿಸ್ಲಿಲ್ಲ ಅಂದ್ರೆ?"

"ಕಾರನ್ನ ಗುಜರಿಯವನಿಗೆ ಕೊಟ್ಬಿಡು!"

ಪೆಂಕಾ ಚಾಕು ಕೆಳಗಿಟ್ಟು ಆಗಲೇ ಗುಜರಿಯವನಿಗೆ ಫೋನ್ ಮಾಡಿದಳು. ಹಬ್ಬಕ್ಕೆ ಮುಂಚಿನ ಶುಕ್ರವಾರ ಬೆಳಿಗ್ಗೆಯೇ ಬರುತ್ತೇನೆಂದ ಪುಣ್ಯಾತ್ಮ! ಜಹಾರಿಯ ಅಪ್ಪ ಬಿಟ್ಟುಹೋದ ಕಾರು ಅದು. ಅವನು ಸ್ಟಿಯರಿಂಗ್ ಹಿಡಿಯಲು ಕಲಿತದ್ದು ಅದರಲ್ಲಿ, ಪೆಂಕಾಳನ್ನು ಮೊದಲ ಸಲ ಸುತ್ತಾಡಿಸಿದ್ದೂ ಅದರಲ್ಲೇ. ಆದರೆ ಗಂಡಸಿನ ಬಾಯಿಂದ ಬಿದ್ದ ಮಾತು, ಹೆಂಡತಿಯ ಎದುರು ವಾಪಸ್ ತೆಗೆದುಕೊಳ್ಳುವುದುಂಟೇ?

ಶಬ್ದವೂ ಸಾಮಾನ್ಯದ್ದಲ್ಲ. ಕಳೆದ ಈಸ್ಟರ್ ಮುಗಿದ ಮೇಲೆ ಶುರುವಾದದ್ದು. ಕಾರು ಬಲಕ್ಕೆ ತಿರುಗಿದರೆ ಸಾಧು, ಎಡಕ್ಕೆ ತಿರುಗಿದರೆ ಟಕ್, ಟಕ್, ಟಕ್! ಇನ್ನೂ ವಿಚಿತ್ರವೆಂದರೆ, ಅತ್ತೆ ಯೊರ್ದಾಂಕಾ ಮುಂದಿನ ಸೀಟಿನಲ್ಲಿ ಕೂತರೆ ಅದು ಪಿಟ್ಟೆನ್ನುತ್ತಿರಲಿಲ್ಲ. ಮೆಕ್ಯಾನಿಕ್ ಓಡಿಸಿ ನೋಡಿದ ದಿನ ಅತ್ತೆಯೂ ಸಂತೆಗೆಂದು ಮುಂದೆ ಹತ್ತಿ ಕೂತಿದ್ದರು. ಅವನು ಇಡೀ ಊರು ಸುತ್ತಿ ಬಂದು, "ಕಾರಿಗೇನೂ ಆಗಿಲ್ಲ, ನಿಮ್ಮ ಕಿವಿ ತೋರಿಸ್ಕೊಳ್ಳಿ" ಎಂದು ಹೇಳಿ ಹೋಗಿದ್ದ.

"ನಿಮ್ಮಮ್ಮನ್ನ ಕಂಡ್ರೆ ಕಾರಿಗೂ ಭಯ ಕಣೇ!"

"ನಿನಗಿಲ್ಲದ ಬುದ್ಧಿ ಕಾರಿಗಾದ್ರೂ ಇದೆಯಲ್ಲ," ಎಂದಳು ಪೆಂಕಾ.

ಸಂಶೋಧನೆ ಆರಂಭವಾಯಿತು. ಕೆಳಮನೆಯ ಸ್ತಾಮೆನ್ ತಾನಾಗಿಯೇ ಸಹಾಯಕ್ಕೆ ಬಂದು, ಶಬ್ದವನ್ನು ಹತ್ತಿರದಿಂದ ಕೇಳುತ್ತೇನೆಂದು ಡಿಕ್ಕಿಯೊಳಗೆ ಮಲಗಿದ. ಜಹಾರಿ ಎಡಕ್ಕೆ ತಿರುಗಿಸಿದ. ಟಕ್ ಟಕ್ ಧಡ್!

"ಈ ಧಡ್ ಅನ್ನೋದು ಹೊಸದು!" ಎಂದು ಜಹಾರಿ ಕುಣಿದಾಡಿದ.

"ಅದು ನನ್ನ ತಲೆ ಕಣಯ್ಯಾ!" ಎಂದು ಡಿಕ್ಕಿಯೊಳಗಿಂದ ಉತ್ತರ ಬಂತು. ತಲೆ ಸವರುತ್ತಾ ಹೊರಬಂದ ಸ್ತಾಮೆನ್ ಗೇರ್‌ಬಾಕ್ಸ್ ಹೋಗಿದೆ ಎಂದ. ಜಹಾರಿ ಒಪ್ಪಲಿಲ್ಲ. ಎಂಜಿನ್ನಿನಿಂದ ಚಕ್ರಕ್ಕೆ ಹೋಗುವ ಆಕ್ಸಲ್ಲಿನ ಕೀಲೇ ಸವೆದಿರುವುದು ಎಂದು ತೀರ್ಪು ಕೊಟ್ಟ. ಕಾರಿನ ಒಳಗೆ ಒಮ್ಮೆ ಬಗ್ಗಿ ನೋಡೋಣ ಎಂದು ಸ್ತಾಮೆನ್ ಗೊಣಗಿದ್ದಕ್ಕೆ, "ಶಬ್ದ ಕೆಳಗಿಂದ ಬರ್ತಿರೋವಾಗ ಒಳಗೆ ಯಾಕಯ್ಯಾ ನೋಡ್ಬೇಕು?" ಎಂದು ಗದರಿಸಿದ.

ಗುರುವಾರ ಬಂತು. ಅಡುಗೆಮನೆಯಲ್ಲಿ ತಾಯಿ ಮಗಳು ಹಬ್ಬದ ಮೊಟ್ಟೆಗಳಿಗೆ ಬಣ್ಣ ಹಾಕುತ್ತಿದ್ದರೆ, ಅಂಗಳದಲ್ಲಿ ಜಹಾರಿ ಕಾರಿನ ಕರುಳನ್ನೇ ಹೊರಗೆಳೆದಿದ್ದ. ಆಕ್ಸಲ್ಲನ್ನು ಪೆಟ್ರೋಲಿನಲ್ಲಿ ತೊಳೆಯಲು ಒಂದು ತಟ್ಟೆ ಬೇಕಾಗಿತ್ತು. ಸಿಕ್ಕಿತು. ಹಬ್ಬದ ಸಿಹಿ ಬ್ರೆಡ್ಡು ಬೇಯಿಸುವ ತಟ್ಟೆ! ಪೆಂಕಾ ಅದನ್ನು ಕಂಡು ಕೂಗಿದ ಕೂಗಿಗೆ ಬೀದಿಯ ಬೆಕ್ಕುಗಳೆಲ್ಲ ಚೆದುರಿಹೋದವು. ಕೀಲು ಮಾತ್ರ ಹೊಸದರಂತಿತ್ತು, ಸವೆತದ ಸುಳಿವೇ ಇಲ್ಲ. ಸಂಜೆಯೊಳಗೆ ಎಲ್ಲವನ್ನೂ ಮತ್ತೆ ಜೋಡಿಸಿದಾಗ ಒಂದು ದಪ್ಪ ನಟ್ಟು ಉಳಿದುಹೋಯಿತು.

"ಕಂಪನಿಯವರು ಹೆಚ್ಚಿಗೆ ಹಾಕಿರ್ತಾರೆ," ಎಂದು ಅದನ್ನು ಜೇಬಿಗಿಳಿಸಿ, ಅಂಗಳದಲ್ಲೇ ಕಾರನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದ.

ಟಕ್, ಟಕ್, ಟಕ್!

ಜಹಾರಿ ಸ್ಟಿಯರಿಂಗ್ ಮೇಲೆ ತಲೆಯಿಟ್ಟ. ಅಪ್ಪನ ಕಾರು ಬೆಳಗಾದರೆ ಗುಜರಿ! ಅವನಿಗೆ ನಿಜಕ್ಕೂ ಅಳು ಬಂತು.

ಆಗ ಅತ್ತೆ ಬಂದರು. ಕೈಯಲ್ಲಿ ಆಗತಾನೆ ಬಣ್ಣ ಹಾಕಿದ ಮೊದಲ ಕೆಂಪು ಮೊಟ್ಟೆ. "ಸ್ವಲ್ಪ ಸರಿ ಅಳಿಯಾ, ನಂದೊಂದು ಸಾಮಾನಿದೆ," ಎನ್ನುತ್ತಾ ಮುಂದಿನ ಸೀಟಿನ ಕೆಳಗೆ ಕೈ ತೂರಿಸಿ, ಪೆಪ್ಪರ್‌ಮಿಂಟಿನ ಒಂದು ದುಂಡು ತಗಡಿನ ಡಬ್ಬಿ ಹೊರತೆಗೆದರು. ಡಬ್ಬಿ ಅಲುಗಿತು. ಟಕ್!

"ಅತ್ತೇ! ಏನದು?!"

"ಹೋದ ವರ್ಷದ ಮೊಟ್ಟೆ. ಮೊದಲ್ನೇ ಕೆಂಪು ಮೊಟ್ಟೆ ವರ್ಷವಿಡೀ ಮನೆ ಕಾಯತ್ತೆ, ಕಾರು ಕಾಯಲ್ವಾ? ನೀನು ಓಡ್ಸೋ ಚಂದಕ್ಕೆ ಮನೆಗಿಂತ ಕಾರಿಗೇ ಅದು ಜಾಸ್ತಿ ಬೇಕು! ಹೇಳಿದ್ರೆ ನಗ್ತೀಯ ಅಂತ ಹೇಳ್ಲಿಲ್ಲ."

ವರ್ಷವಿಡೀ ಒಣಗಿ ಕಲ್ಲಾದ ಮೊಟ್ಟೆ ಡಬ್ಬಿಯೊಳಗೆ, ಡಬ್ಬಿ ಸೀಟಿನ ಕೆಳಗೆ! ಬಲಕ್ಕೆ ತಿರುಗಿದರೆ ಡಬ್ಬಿ ಒಂದು ಮೂಲೆಗೆ ಒರಗಿ ತೆಪ್ಪಗಿರುತ್ತಿತ್ತು, ಎಡಕ್ಕೆ ತಿರುಗಿದರೆ ಉರುಳಾಡುತ್ತಿತ್ತು. ಅತ್ತೆ ಕೂತರೆ ಸೀಟು ಜಗ್ಗಿ ಡಬ್ಬಿಯನ್ನು ಅದುಮಿ ಹಿಡಿಯುತ್ತಿತ್ತು. ಹಾಗಾಗಿ ಮನೆಯವರಲ್ಲಿ ಕಾರಿನ ಆ ಶಬ್ದವನ್ನು ಒಮ್ಮೆಯೂ ಕೇಳದಿದ್ದವರು ಅತ್ತೆಯೊಬ್ಬರೇ.

"ತಾಳು, ಹೊಸದನ್ನ ಇಡ್ತೀನಿ," ಎಂದರು ಅವರು.

"ಮೊಟ್ಟೆನೂ ಬೇಡ ಗಿಟ್ಟೆನೂ ಬೇಡ!" ಎಂದು ಜಹಾರಿ ರೊಯ್ಯನೆ ಬೀದಿಗಿಳಿದ. ಬಲಕ್ಕೆ ತಿರುಗಿದ, ಸದ್ದಿಲ್ಲ. ಎಡಕ್ಕೆ ತಿರುಗಿದ, ಆಹಾ, ಸದ್ದಿಲ್ಲ! ಇಡೀ ಬೀದಿಗೆ ಕೇಳುವಂತೆ ಹಾರ್ನ್ ಹೊಡೆದ. ಮರುಕ್ಷಣ ಕಾರಿನಡಿಯಲ್ಲಿ ಏನೋ ಧಡಾರೆಂದು ಕಳಚಿಕೊಂಡಿತು. ಎಂಜಿನ್ನು ಗುಂಯ್‌ಗುಟ್ಟುತ್ತಲೇ ಇತ್ತು, ಕಾರು ಚರ್ಚಿನ ಬಾಗಿಲಲ್ಲಿ ನಿಂತೇ ಬಿಟ್ಟಿತು.

ಸ್ತಾಮೆನ್ ಜೊತೆ ತಳ್ಳಿಕೊಂಡು ವಾಪಸ್ ಬಂದಾಗ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ನೋಡಿದ್ಯಾ? ವರ್ಷವಿಡೀ ಕಾಪಾಡ್ತು. ತೆಗೆದ್ಮೇಲೆ ಚರ್ಚ್ ಕೂಡ ದಾಟ್ಲಿಲ್ಲ!"

ಜಹಾರಿಯ ಕೈ ಮೆಲ್ಲಗೆ ಜೇಬಿನೊಳಗಿನ ನಟ್ಟನ್ನು ಮುಟ್ಟಿತು.

ಶುಕ್ರವಾರ ಬೆಳಿಗ್ಗೆ ಗುಜರಿಯವನು ಬಂದ. ಜಹಾರಿ ಪೆಂಕಾಳ ಮುಖ ನೋಡಿದ. ಅವಳು ಅಂಗಳದ ಕಾರನ್ನು ನೋಡಿದಳು, ಪೆಟ್ರೋಲು ನಾರುವ ತಟ್ಟೆಯನ್ನು ನೋಡಿದಳು. ಆಮೇಲೆ, ಹಿಂದಿನ ಸಂಜೆ ಅಡುಗೆಮನೆಯ ಕಿಟಕಿಯಿಂದ ಎಲ್ಲವನ್ನೂ ಕಂಡಿದ್ದವಳು, ಗಂಡನ ಜೇಬಿಗೆ ಕೈ ಹಾಕಿ ನಟ್ಟನ್ನು ಹೊರತೆಗೆದಳು.

"ಕಾರು ಇರ್ಲಿ, ಮಾವನವ್ರದ್ದು. ಮೆಕ್ಯಾನಿಕ್ ಬಂದು ಇದನ್ನ ಹಾಕ್ತಾನೆ. ನೀವು ಅದನ್ನ ತಗೊಂಡ್ಹೋಗಿ," ಎಂದು ಬಾಗಿಲ ಮೂಲೆಗೆ ಬೆರಳು ತೋರಿಸಿದಳು. ಅಲ್ಲಿದ್ದದ್ದು ಜಹಾರಿಯ ಸ್ಪ್ಯಾನರ್ ಪೆಟ್ಟಿಗೆ!

ಗುಜರಿಯವನು ಪೆಟ್ಟಿಗೆಯನ್ನು ಮೆಟ್ಟಿಲ ಮೇಲೆ ಎಳೆದುಕೊಂಡು ಇಳಿಯತೊಡಗಿದ. ಟಕ್... ಟಕ್... ಟಕ್...

ಅತ್ತೆ ಕಿವಿಗೊಟ್ಟು ಕೇಳಿ, ಮುಖ ಅರಳಿಸಿಕೊಂಡರು.

"ಓ! ವರ್ಷದಿಂದ ಬಾಯಿ ಬಡ್ಕೊಳ್ತಿದ್ಯಲ್ಲ ಅಳಿಯಾ, ಆ ಶಬ್ದ ಇದೇನಾ?"