ರಷ್ಯನ್ ಸಿನಿಮಾಕ್ಕೆ ನಮ್ಮವರ ಸ್ವಾಗತ ಭಾಷಣ

ನಮ್ಮವರು ನಾಲ್ಕು ಜನ ಸೇರಿದ ಕಡೆ ಒಂದು ವೇದಿಕೆ ಹುಟ್ಟಿಕೊಳ್ಳುತ್ತದೆ. ಲಂಡನ್ನಿಗೆ ಬಂದರೂ ಈ ರೋಗ ವಾಸಿಯಾಗಿಲ್ಲ. ನಾನು ಡಾಕ್ಟರು, ಅದಕ್ಕೇ ರೋಗ ಎನ್ನುತ್ತಿದ್ದೇನೆ.

ನಾನು ಧಾರವಾಡದವನು, ಡಾಕ್ಟರಿಕೆ ಓದಿದ್ದು ರಷ್ಯಾದಲ್ಲಿ. ಅಲ್ಲಿನ ಹಾಸ್ಟೆಲಿನಲ್ಲಿ ಒಂದೇ ವರ್ಷದಲ್ಲಿ ತಯಾರಾದ ಹಳೆಯ ಕಪ್ಪು-ಬಿಳುಪು ಚಿತ್ರಗಳನ್ನು ಸಾಲಾಗಿ ತೋರಿಸಿದ್ದರು. ಒಂದರಲ್ಲಿ ಒಬ್ಬ ಅಂಬಿಗಿತ್ತಿ ಯುದ್ಧಕ್ಕೆ ಹೋದ ಗಂಡನಿಗಾಗಿ ನದಿಯ ದಡದಲ್ಲಿ ಕಾಯುತ್ತಾಳೆ. ಕೊನೆಯ ದೋಣಿ ಬರುವಷ್ಟರಲ್ಲಿ ನನ್ನನ್ನು ವಾರ್ಡಿಗೆ ಕರೆದರು. ಅವನು ಬಂದನೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಮನೆಯಲ್ಲಿ ಒಬ್ಬನೇ ನೋಡಬಹುದಿತ್ತು. ಆದರೆ ಸಿನಿಮಾವನ್ನು ಕತ್ತಲಲ್ಲಿ ಜನರ ನಡುವೆ ಕೂತೇ ನೋಡಬೇಕೆಂಬ ಹಟ ನನ್ನದು. ಆ ಹಟಕ್ಕೇ ಲಂಡನ್ನಿನ ಸಟನ್‌ನ ನಮ್ಮ ಪುಟ್ಟ ಕನ್ನಡ ಸಂಘದಲ್ಲಿ ಆ ವರ್ಷದ ಚಿತ್ರಗಳನ್ನು ತಿಂಗಳಿಗೊಂದರಂತೆ ತೋರಿಸಲು ಹೊರಟೆ. ಅಂಬಿಗಿತ್ತಿಯನ್ನು ಕೊನೆಗೆ ಇಟ್ಟುಕೊಂಡೆ.

ದೀಪ

ಮೊದಲ ದಿನವೇ ಅಧ್ಯಕ್ಷರು ಆಳೆತ್ತರದ ದೀಪದ ಕಂಬ ಹೊತ್ತು ತಂದರು. ಮೈಸೂರಿನವರು, ಮಾತು ಬೆಣ್ಣೆ.

"ಸಿನಿಮಾಕ್ಕೆ ಯಾಕ್ರೀ ದೀಪ?" ಎಂದೆ.

"ಶುಭಾರಂಭ ಬೇಡ್ವೇ, ಡಾಕ್ಟ್ರೇ?"

ಐದು ಬತ್ತಿ, ಜೊತೆಗೆ ಒಂದು ಕಟ್ಟು ಊದುಬತ್ತಿ. ಫೈರ್ ಅಲಾರಂ ಕಿರುಚಿತು. ಎಲ್ಲರೂ ಕಾರ್ ಪಾರ್ಕಿನ ಚಳಿಯಲ್ಲಿ ಸಾಲಾಗಿ ನಿಂತೆವು. ಒಂದು ಮಗು, "ಅಂಕಲ್, ಈಸ್ ದಿಸ್ ದ ಮೂವಿ?" ಎಂದಿತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಷ್ಟರಲ್ಲಿ ಅಗ್ನಿಶಾಮಕ ದಳದವನು ಇಳಿದು ಬಂದ. ಅಧ್ಯಕ್ಷರು ಅವನಿಗೊಂದು ಶಾಲು ಹೊದಿಸಿ, ನನ್ನ ಕಡೆ ತಿರುಗಿ ಹೇಳಿದರು:

"ಬಂದವರನ್ನ ಬರಿಗೈಲಿ ಕಳಿಸೋಕಾಗತ್ಯೇ?"

ಮುಖ್ಯ ಅತಿಥಿ

ಮುಂದಿನ ತಿಂಗಳು ಅಕ್ಸ್‌ಬ್ರಿಡ್ಜ್‌ನಿಂದ ಒಬ್ಬ ಪ್ರೊಫೆಸರರನ್ನು ಕರೆಸಿದರು. ಪ್ರಾರ್ಥನೆ, ಸ್ವಾಗತ, ಅತಿಥಿಗಳ ಪರಿಚಯ, ಪರಿಚಯ ಮಾಡಿದವರ ಪರಿಚಯ. ಆಮೇಲೆ ಅತಿಥಿಗಳು ಎದ್ದರು. ಎದ್ದವರು ಕೂರಲಿಲ್ಲ. ರಷ್ಯಾಕ್ಕೆ ಹೋದಾಗ ಮೊಸರು ಸಿಗದೆ ಪಟ್ಟ ಪಾಡನ್ನು ಹೇಳಿದ್ದೇ ಹೇಳಿದ್ದು. ನಾನು ಕೆಮ್ಮಿದೆ, ಗಡಿಯಾರ ತೋರಿಸಿದೆ, ಹಾಲ್‌ನ ಲೈಟನ್ನೂ ಒಮ್ಮೆ ಆರಿಸಿದೆ. ಅವರು ಕತ್ತಲಲ್ಲೂ ಮಾತಾಡಿದರು. ಊಟದ ಹೊತ್ತಿಗೆ ಹಾಲ್‌ನ ಅವಧಿಯೇ ಮುಗಿಯಿತು. ಬೀಗ ಹಾಕಲು ಬಂದ ಇಂಗ್ಲಿಷ್ ಮುದುಕ ನನ್ನ ಕೈ ಕುಲುಕಿದ.

"ನಿಮ್ಮ ಹಬ್ಬ ಬಹಳ ಚೆನ್ನಾಗಿತ್ತು. ಸಿನಿಮಾ ಯಾವತ್ತು?"

ವಂದನಾರ್ಪಣೆ

ನಾನು ಸಭೆಯಲ್ಲಿ ಮೇಜು ಗುದ್ದಿ ಕೂಗಾಡಿದೆ. ಸರಿ, ಬರೀ ವಂದನಾರ್ಪಣೆ ಸಾಕು ಎಂದು ಒಪ್ಪಿದರು. ಅದನ್ನು ಮಾಡಬೇಕಾದವರು ಕ್ರೋಯ್ಡನ್‌ನ ಸದಸ್ಯರೊಬ್ಬರು. ಅವರಿಗೆ ರೈಲಿಗೆ ಹೊತ್ತಾಯಿತಂತೆ, ಸಿನಿಮಾದ ನಡುವೆಯೇ ಮೈಕ್ ಹಿಡಿದರು. ಹಾಲ್ ಕೊಟ್ಟವರಿಗೆ, ಕುರ್ಚಿ ಜೋಡಿಸಿದವರಿಗೆ, ಚಿತ್ರಾನ್ನ ಕಲಸಿದವರಿಗೆ ವಂದನೆ. ತೆರೆಯ ಮೇಲೆ ನಾಯಕ ಗುಂಡು ತಿಂದು ಹಿಮದಲ್ಲಿ ಬಿದ್ದಿದ್ದ. ಇವರು ಗಂಟಲು ಸರಿಮಾಡಿಕೊಂಡು ಮುಗಿಸಿದರು:

"ಚಿತ್ರವನ್ನು ಸುಖಾಂತಗೊಳಿಸಿದ ನಿರ್ದೇಶಕರಿಗೂ ವಂದನೆಗಳು."

ಸನ್ಮಾನ

ಹೀಗೇ ವರ್ಷ ಸವೆದು ಅಂಬಿಗಿತ್ತಿಯ ಸರದಿ ಬಂತು. "ಈ ಸಲ ದೀಪ ಇಲ್ಲ, ಭಾಷಣ ಇಲ್ಲ, ವಂದನೆ ಇಲ್ಲ. ಒಬ್ಬರು ಬಾಯಿ ತೆಗೆದರೂ ನಾ ಸಂಘ ಬಿಡ್ತೀನಿ!" ಎಂದೆ. ಎಲ್ಲರೂ ತೆಪ್ಪಗೆ ಒಪ್ಪಿಕೊಂಡರು. ನನಗೆ ಅಲ್ಲೇ ಅನುಮಾನ ಬರಬೇಕಿತ್ತು.

ಚಿತ್ರ ಓಡಿತು. ಮಕ್ಕಳು ಕೂಡ ಫೋನ್ ಕೆಳಗಿಟ್ಟವು. ಕೊನೆಯ ದೋಣಿ ಮಂಜಿನಲ್ಲಿ ಮೆಲ್ಲಗೆ ಕಾಣಿಸಿತು. ನಾನು ಉಸಿರು ಬಿಗಿಹಿಡಿದೆ. ಮೈಕ್ ಕೊರ್ ಎಂದಿತು.

"ಒಂದ್ನಿಮಿಷ," ಅಂದರು ಅಧ್ಯಕ್ಷರು. "ವರ್ಷವೆಲ್ಲ ದುಡಿದ ಡಾಕ್ಟ್ರಿಗೆ ಸಣ್ಣ ಸನ್ಮಾನ. ಆಮೇಲೆ ಹಾಲ್ ಟೈಮ್ ಮುಗಿದುಹೋಗತ್ತೆ. ಸಿನಿಮಾ ನಿಲ್ಲಿಸ್ಬೇಡಿ, ಡಾಕ್ಟ್ರಿಗೆ ಸಿಟ್ಟು ಬರತ್ತೆ!"

ಇಬ್ಬರು ನನ್ನ ರಟ್ಟೆ ಹಿಡಿದು ಎಳೆದೊಯ್ದು, ವೇದಿಕೆಯ ಮೇಲೆ ತೆರೆಗೆ ಬೆನ್ನು ಮಾಡಿ ಕೂರಿಸಿದರು. ಶಾಲು, ಹಾರ, ಮಡಿಲಲ್ಲಿ ಹಣ್ಣಿನ ಬುಟ್ಟಿ, ಹುಬ್ಬಿನವರೆಗೆ ಜಾರಿದ ಮೈಸೂರು ಪೇಟ. ಕತ್ತು ತಿರುಗಿಸಿದರೆ ಫೋಟೋದವನು, "ಡಾಕ್ಟ್ರೇ, ಈ ಕಡೆ!" ಎನ್ನುತ್ತಾನೆ. ಬುಟ್ಟಿಯನ್ನು ಅಧ್ಯಕ್ಷರ ತಲೆಗೇ ಎಸೆಯುವಷ್ಟು ಸಿಟ್ಟು ಬಂತು.

ಆಗ ಜನರತ್ತ ನೋಡಿದೆ. ಮುಂದಿನ ಸಾಲಿನವರು ಕಣ್ಣೊರೆಸಿಕೊಳ್ಳುತ್ತಿದ್ದರು. ಹಿಂದಿನ ಸಾಲಿನವರೂ ಅಷ್ಟೆ. ಬಾಗಿಲ ಬಳಿ ಬೀಗದ ಮುದುಕನೂ ಮೂಗು ಒರೆಸಿಕೊಳ್ಳುತ್ತಿದ್ದ. ನನ್ನ ಸಿಟ್ಟು ಕರಗಿ ನೀರಾಯಿತು. ಇಷ್ಟು ಪ್ರೀತಿಯ ಜನರನ್ನು ವರ್ಷವೆಲ್ಲ ಬೈದೆನಲ್ಲ ಎನಿಸಿತು. ಎದ್ದು ನಿಂತು ಕೈ ಮುಗಿದೆ.

"ನಿಮ್ಮ ಈ ಕಣ್ಣೀರಿಗೆ ನಾನು ಅರ್ಹನಲ್ಲ..."

ಮುಂದಿನ ಸಾಲಿನ ವಿಜಯಪುರದ ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು ಕೂಗಿದರು:

"ಅದಿರ್ಲಿ ಬಿಡ್ರಿ ಡಾಕ್ಟ್ರ, ಮೊದ್ಲ ಬಾಜೂಕ್ಕ ಸರೀರಿ! ದೋಣ್ಯಾಗಿಂದ ಇಳದಾಂವ ಆಕೀ ಗಂಡ ಹೌದೋ ಅಲ್ಲೋ, ನಿಮ್ಮ ಪೇಟಾ ಅಡ್ಡ ಬಂದು ಕಾಣವಲ್ದು!"