ಗವಾಕ್ಷಿಯಿಂದ ಬಂದ ತೀರ್ಪು

"ಈ ಆಯ್ತವಾರ ಆ ರಾಕ್ಷಸ ಉಳೀಬೇಕು, ಇಲ್ಲಾ ನಾನು ಉಳೀಬೇಕು!"

ಕುರುಗೋಡಿನ ಕೊಟ್ಟೂರಪ್ಪ ಮೇಷ್ಟ್ರು ಹೀಗೆ ಗುಡುಗಿದಾಗ ಅವರ ಕೈಯಲ್ಲಿ ಖಡ್ಗವೇನೂ ಇರಲಿಲ್ಲ, ಅರ್ಧ ತಿಂದ ಮಿರ್ಚಿ ಬಜ್ಜಿ ಇತ್ತು. ಆದರೇನು, ಗುಡುಗು ಗುಡುಗೇ! ಕಟ್ಟೆಯ ಮೇಲೆ ಕೂತಿದ್ದ ಪಕ್ಕದ ಮನೆಯ ಚಾಂದಬೀ ಬೆಚ್ಚಿಬಿದ್ದಳು. ಮೇಷ್ಟ್ರ ಹೆಂಡತಿ ಶಿವಬಸಮ್ಮ ಮಾತ್ರ ಮೊರದಲ್ಲಿದ್ದ ಜೋಳದಿಂದ ಕಣ್ಣೆತ್ತಲಿಲ್ಲ. ಮದುವೆಯಾದಾಗಿನಿಂದ ಆಕೆ ಇಂಥ ಗುಡುಗು ಬೇಕಾದಷ್ಟು ಕೇಳಿದ್ದಳು, ಮಳೆ ಬಂದದ್ದನ್ನು ಮಾತ್ರ ಕಂಡಿರಲಿಲ್ಲ.

ರಾಕ್ಷಸ ಇದ್ದದ್ದು ಟಿವಿಯಲ್ಲಿ. ಆ ಓಣಿಗೆಲ್ಲ ಇದ್ದದ್ದು ಅದೊಂದೇ ಟಿವಿ, ಅದೂ ಮೇಷ್ಟ್ರ ಮನೆಯಲ್ಲಿ. ಪ್ರತಿ ಭಾನುವಾರ ಬೆಳಿಗ್ಗೆ ಅದರಲ್ಲೊಂದು ಬೊಂಬೆ ಚಿತ್ರದ ಧಾರಾವಾಹಿ ಬರುತ್ತಿತ್ತು. ಒಬ್ಬ ರಾಜಕುಮಾರ, ಅವನಿಗೊಂದು ರೆಕ್ಕೆಯ ಕುದುರೆ, ಇವರಿಬ್ಬರಿಗೂ ಗಂಟುಬಿದ್ದ ಒಬ್ಬ ಒಕ್ಕಣ್ಣ ರಾಕ್ಷಸ. ಮಾತೆಲ್ಲ ಹಿಂದಿ. ಓಣಿಯ ಹೆಚ್ಚಿನ ಹುಡುಗರಿಗೆ ಅದರ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಹೊಡೆದಾಟಕ್ಕೆ ಯಾವ ಭಾಷೆ ಬೇಕು ಬಿಡಿ!

ತಾಪತ್ರಯ ಶುರುವಾದದ್ದು ಚಾಂದಬೀಯ ಮೊಮ್ಮಗ ಲಾಲ್ಯಾನಿಂದ. ಅವನು ರೆಕ್ಕೆಯೆಂದು ಬೆನ್ನಿಗೆ ಹೊದಿಕೆ ಕಟ್ಟಿಕೊಂಡು ಜೋಳದ ಚೀಲಗಳ ಮೇಲಿನಿಂದ ಹಾರಿದ. ಹಾರಿದ್ದು ಖರೆ, ಆದರೆ ಕೆಳಮುಖವಾಗಿ! ಮೇಷ್ಟ್ರ ಆರು ವರ್ಷದ ಮಗಳು ಸುವರ್ಣಿ ನಿದ್ದೆಯಲ್ಲಿ "ಬಂದ, ಬಂದ" ಎಂದು ಬಡಬಡಿಸತೊಡಗಿದಳು. ಕಡೆಗೆ ಓಣಿಯ ತಾಯಂದಿರ ಪರವಾಗಿ ಚಾಂದಬೀ ಬಂದು ಕೇಳಿದಳು: "ಕಲಿತೋರು ನೀವ ಹೇಳ್ರಿ ಮೇಷ್ಟ್ರೇ. ಇದು ಸಣ್ಣ ಹುಡುಗ್ರು ನೋಡುವಂಥಾದ್ದೇನು? ನೀವು ಬ್ಯಾಡ ಅಂದ್ರ ಬಂದ್!"

'ಕಲಿತೋರು' ಎಂಬ ಒಂದೇ ಮಾತಿಗೆ ಮೇಷ್ಟ್ರು ಪೂರಿಯಂತೆ ಉಬ್ಬಿದರು. "ಈ ವಾರ ನಾನೊಬ್ಬನ ಕುಂತು ಪೂರಾ ನೋಡ್ತೀನಿ. ಹುಡುಗ್ರೆಲ್ಲ ಹೊರಗ! ಪಾಸೋ ಫೇಲೋ ಅಂತ ಆಮ್ಯಾಲ ಹೇಳ್ತೀನಿ."

ಸುವರ್ಣಿಯ ಕಣ್ಣಲ್ಲಿ ನೀರು ಬಂತು. "ಅಪ್ಪಾ, ರಾಜಕುಮಾರ ಗವಿಯಾಗ ಸಿಕ್ಕೊಂಡಾನ. ಈ ವಾರ ಹೊರಗ ಬರ್ತಾನ. ಅದೊಂದು ನೋಡ್ತೀನಪ್ಪಾ!"

"ನ್ಯಾಯದ ಮುಂದ ಮಗಳಿಲ್ಲ, ಮೊಮ್ಮಗನಿಲ್ಲ!"

"ನಿಮ್ಮ ನ್ಯಾಯಕ್ಕ ಉಪ್ಪಿಟ್ಟು ಮಾಡ್ಲೋ, ಮಂಡಕ್ಕಿ ಒಗ್ಗರಣಿ ಮಾಡ್ಲೋ?" ಎಂದಳು ಶಿವಬಸಮ್ಮ.

"ಒಗ್ಗರಣಿ. ಜೊತಿಗೆ ಮಿರ್ಚಿ ಇರಲಿ."

ಭಾನುವಾರ ಬಂತು. ಮೇಷ್ಟ್ರು ಇಸ್ತ್ರಿಯ ಧೋತರ ಉಟ್ಟು, ಕುರ್ಚಿಯಲ್ಲಿ ಹೈಕೋರ್ಟಿನ ಜಡ್ಜರಂತೆ ಕೂತರು. ಮುಚ್ಚಿದ ಬಾಗಿಲಾಚೆ ಹುಡುಗರೆಲ್ಲ ಮೋರೆ ಸಣ್ಣದು ಮಾಡಿಕೊಂಡು ನಿಂತಿದ್ದರು. ಟಿವಿ ಹಚ್ಚಿದರೆ ಏನಿದೆ? ಚಿತ್ರದ ಬದಲು ಪರದೆಯ ತುಂಬ ಇರುವೆಗಳು! ಹಿಂದಿನ ದಿನದ ಗಾಳಿಗೆ ಆಂಟೆನಾ ಮುಖ ತಿರುಗಿಸಿತ್ತು.

"ಹತ್ರಿ ಮಾಳಿಗಿ" ಎಂದಳು ಶಿವಬಸಮ್ಮ.

ಮಣ್ಣಿನ ಮಾಳಿಗೆಯ ತುಂಬ ಕೆಂಪು ಮೆಣಸಿನಕಾಯಿ ಒಣಹಾಕಿತ್ತು. ನಡುವೆ ಮನೆಯೊಳಕ್ಕೆ ಬೆಳಕು ಬೀಳಲೆಂದು ಬಿಟ್ಟ ದುಂಡನೆಯ ಗವಾಕ್ಷಿ. ಅದರ ಪಕ್ಕದಲ್ಲೇ ಆಂಟೆನಾದ ಪೈಪು. ಮೇಷ್ಟ್ರು ಕೈಯಿಂದ ಮೆಣಸಿನಕಾಯಿ ಸರಿಸಿ ದಾರಿ ಮಾಡಿಕೊಂಡು ಹೋಗಿ ಪೈಪು ತಿರುಗಿಸಿದರು.

"ಬಂತೇನು?"

"ಇಲ್ಲ!"

"ಈಗ?"

"ಬಂತು! ಹೋತು! ಹಾಂ, ಬಂತು! ಹಂಗ ಇರ್ರಿ!"

ಮೇಷ್ಟ್ರು ಕೈಬಿಟ್ಟರು. "ಹೋತು!" ಹಿಡಿದರು. "ಬಂತು!" ಮತ್ತೆ ಬಿಟ್ಟರು. "ಅಯ್ಯ, ಹೋತ್ರೀ!"

ಮೇಷ್ಟ್ರಿಗೆ ಸಂಗತಿ ಅರ್ಥವಾಯಿತು. ಅವರು ಮೇಲಿದ್ದರೆ ಮಾತ್ರ ಕೆಳಗೆ ಚಿತ್ರ. ಕೆಳಗಿಳಿದರೆ ನೋಡಲಿಕ್ಕೆ ಚಿತ್ರವೇ ಇಲ್ಲ! ಇಂಥ ಧರ್ಮಸಂಕಟ ಯಾವ ನ್ಯಾಯಾಧೀಶನಿಗೂ ಬಂದಿರಲಿಕ್ಕಿಲ್ಲ. ಅಷ್ಟರಲ್ಲಿ ಕೆಳಗೆ ಬಾಗಿಲು ತೆರೆದ ಸದ್ದು, ಹಿಂದೆಯೇ ಕುರಿ ಹಿಂಡು ನುಗ್ಗಿದ ಸದ್ದು.

"ಏಯ್! ಹುಡುಗ್ರನ್ನ ಯಾರು ಒಳಗ ಬಿಟ್ಟೋರು?"

"ನಾನ! ಇಷ್ಟು ಚೆಂದ ಬಂದೈತಿ, ಸುಮ್ನ ದಂಡ ಮಾಡ್ಬೇಕೇನ್ರೀ?"

ಗವಾಕ್ಷಿಯಿಂದ ಕುದುರೆಯ ಕೆನೆತ ಕೇಳಿತು. ಕತ್ತಿ ಕಣಕಣ ಎಂದಿತು. ರಾಕ್ಷಸ ಗಹಗಹಿಸಿದ. ಹುಡುಗರು "ಹೋ!" ಎಂದರು. ಮೇಷ್ಟ್ರಿಗೆ ತಡೆಯಲಾಗಲಿಲ್ಲ. ನೋಡದೆ ತೀರ್ಪು ಕೊಡುವುದು ಅನ್ಯಾಯವಲ್ಲವೇ? ನಿಜ ಹೇಳಬೇಕೆಂದರೆ, ರಾಜಕುಮಾರ ಗವಿಯಿಂದ ಹೇಗೆ ಹೊರಬರುತ್ತಾನೆಂಬ ಚಿಂತೆ ವಾರದಿಂದ ಅವರಿಗೂ ಹತ್ತಿತ್ತು! ಒಂದು ಕೈಯಲ್ಲಿ ಪೈಪು ಹಿಡಿದೇ ಮೆಣಸಿನಕಾಯಿಯ ಮೇಲೆ ಬೋರಲು ಮಲಗಿದರು. ಇನ್ನೊಂದು ಕೈಯಿಂದ ಹಣೆಯ ಬೆವರು ಒರೆಸಿಕೊಂಡರು, ಹಾಗೇ ಕಣ್ಣನ್ನೂ ಒರೆಸಿಕೊಂಡರು. ಒರೆಸಿದ್ದು ಮೆಣಸಿನಕಾಯಿ ಸರಿಸಿದ ಕೈ! ಕಣ್ಣು ಧಗಧಗ ಉರಿಯಿತು, ಮೂಗು ಹರಿಯಿತು. ಆದರೂ ಛಲ ಬಿಡದೆ ಗವಾಕ್ಷಿಯೊಳಗೆ ತಲೆ ತೂರಿಸಿದರು.

ಮನೆಯೊಳಗಿದ್ದ ಬೆಳಕೆಲ್ಲ ಆ ಗವಾಕ್ಷಿಯದೇ. ಅದು ಮುಚ್ಚಿಹೋಗಿ ಪಡಸಾಲೆಗೆ ಗ್ರಹಣ ಹಿಡಿಯಿತು. ಹುಡುಗರ ನೆತ್ತಿಯ ಮೇಲೆ ಮಣ್ಣು ಉದುರಿತು. ಎಲ್ಲರೂ ಮೇಲೆ ನೋಡಿದರು. ಸೂರಿನಿಂದೊಂದು ತಲೆ ನೇತಾಡುತ್ತಿದೆ! ಕಣ್ಣು ಕೆಂಡ, ಕೂದಲು ಕೆದರಿದೆ, ಸೀನಲೆಂದು ಬಾಯಿ ಆ ಎಂದು ತೆರೆದಿದೆ!

"ಹಾ... ಹಾ... ಹಾಕ್ಷೀ!"

"ರಾಕ್ಷಸ ಮ್ಯಾಲಿಂದ ಬಂದಾನಲೇ! ಓಡ್ರಲೇ!"

ಒಗ್ಗರಣೆಯ ತಟ್ಟೆ ಚೆಲ್ಲಾಪಿಲ್ಲಿ! ಲಾಲ್ಯಾ ಹೊದಿಕೆಯಿಲ್ಲದೆಯೇ ಹೊಸಿಲು ಹಾರಿದ, ಈ ಸಲ ಮೇಲ್ಮುಖವಾಗಿಯೇ. ಶಿವಬಸಮ್ಮನೊಬ್ಬಳೇ ಜಾಗ ಬಿಡದೆ ಚೊಂಬಿನ ನೀರನ್ನು ಆ ಮುಖಕ್ಕೆ ರಪ್ಪನೆ ಎರಚಿದಳು. "ಯಾವನಲೇ ನೀನು?"

"ನಾನ ಅದೀನೇ!"

"ಅಯ್ಯ ಶಿವನ, ನೀವೇನ್ರೀ! ಹಿಂದಕ ಹೋಗ್ರಿ ಮತ್ತ."

"ಹೋಗಾಕ ಬರವಲ್ದು! ಕಿವಿ ಸಿಕ್ಕೊಂಡಾವು!"

ಕೂಗು ಕೇಳಿ ಓಡಿಬಂದ ಚಾಂದಬೀ ಕುರ್ಚಿಯ ಮೇಲೆ ನಿಂತು "ಯಾ ಅಲ್ಲಾ" ಎನ್ನುತ್ತ ಮೇಷ್ಟ್ರ ಕಿವಿಗೆ ಕುಸುಬಿ ಎಣ್ಣೆ ಸವರಿದಳು. ಶಿವಬಸಮ್ಮ ಮಾಳಿಗೆ ಹತ್ತಿ ಕಾಲು ಹಿಡಿದು ಜಗ್ಗಿದಳು. ಇಷ್ಟಾದರೂ ಮೇಷ್ಟ್ರು ಪೈಪು ಬಿಟ್ಟಿರಲಿಲ್ಲ ನೋಡಿ, ಚಿತ್ರ ನಡೆದೇ ಇತ್ತು! ರಾಕ್ಷಸ ನಮ್ಮ ಮೇಷ್ಟ್ರೇ ಎಂದು ತಿಳಿದ ಹುಡುಗರು ಮೆಲ್ಲನೆ ಬಂದು ಮತ್ತೆ ಕೂತರು. ಸ್ವಲ್ಪ ಹೊತ್ತಿಗೆ ಸುವರ್ಣಿ ಚಪ್ಪಾಳೆ ತಟ್ಟಿ ಕುಣಿದಳು: "ರಾಜಕುಮಾರ ಗವಿಯಿಂದ ಹೊರಗ ಬಂದ! ಅಪ್ಪಾ, ನೀ ಯಾವಾಗ ಬರ್ತಿ?"

ಅಪ್ಪ ಬಂದದ್ದು ಧಾರಾವಾಹಿ ಮುಗಿದ ಮೇಲೆಯೇ.

ಸಂಜೆ ಕಟ್ಟೆಯ ಮೇಲೆ ಸಭೆ ಸೇರಿತು. ಮೇಷ್ಟ್ರು ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಕೆಂಪಗಾದ ಕಿವಿ ಸವರಿಕೊಳ್ಳುತ್ತ ಕೂತಿದ್ದರು.

"ಹೇಳ್ರಿ ಮೇಷ್ಟ್ರೇ, ಪಾಸೋ ಫೇಲೋ?" ಎಂದಳು ಚಾಂದಬೀ.

ಮೇಷ್ಟ್ರು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಸುವರ್ಣಿಯೇ ಹೇಳಿದಳು: "ಟಿವಿ ರಾಕ್ಷಸ ಬಾಳ ಚಲೋ ಅದಾನ. ಪೆಟ್ಟಿಗಿ ಬಿಟ್ಟು ಹೊರಗ ಬರಂಗಿಲ್ಲ. ಮಾಳಿಗಿ ರಾಕ್ಷಸ ಒಳಗ ತಲಿ ಹಾಕ್ತಾನ!"

ಚಾಂದಬೀ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳ ಹಿಂದೆ ಓಣಿಯೇ ನಕ್ಕಿತು. ಧಾರಾವಾಹಿ ಪಾಸಾಯಿತು! ಲಾಲ್ಯಾ ಹೊದಿಕೆಯನ್ನು ಮನೆಯಲ್ಲೇ ಬಿಟ್ಟು ಬರಬೇಕು, ಗವಾಕ್ಷಿಗೆ ಹಳೆಯ ಜರಡಿ ಮುಚ್ಚಬೇಕು, ಇವೆರಡೇ ಷರತ್ತು.

ಮುಂದಿನ ಭಾನುವಾರ ಸುಡುವ ಬಿಸಿಲಲ್ಲಿ ಮಾಳಿಗೆಯ ಮೇಲೆ ಪೈಪು ಹಿಡಿದು ನಿಂತವರು ಯಾರೆಂದು ಬೇರೆ ಹೇಳಬೇಕೇ! ಹಾಳು ಆಂಟೆನಾ ಅವರ ಕೈಗಲ್ಲದೆ ಇನ್ನಾರ ಕೈಗೂ ಬಗ್ಗಲಿಲ್ಲ. ಕೆಳಗೆ ರಾಕ್ಷಸ ಗಹಗಹಿಸಿದ. ಕುದುರೆ ಕೆನೆಯಿತು. ಹುಡುಗರು ಒಮ್ಮೆಲೇ ಉಸಿರು ಬಿಗಿಹಿಡಿದರು. ಮೇಷ್ಟ್ರ ಜೀವ ಚಡಪಡಿಸಿತು. ಜರಡಿಯ ಹತ್ತಿರ ಬಾಗಿ ಮೆಲ್ಲಗೆ ಅಂಗಲಾಚಿದರು.

"ಸುವರ್ಣೀ, ನನ್ನವ್ವ, ಈಗೇನಾತು? ರಾಕ್ಷಸ ಸತ್ತನೇನು? ಒಂಚೂರು ಜರಡಿ ಸರಸ್ಲ್ಯಾ?"

ಕೆಳಗಿನಿಂದ ಥಟ್ಟನೆ ತೀರ್ಪು ಬಂತು:

"ಸುಮ್ನ ಪೈಪು ಹಿಡ್ಕೊ ಅಪ್ಪಾ! ಇದು ನೀ ನೋಡುವಂಥಾದ್ದಲ್ಲ!"